ಹಿಂಗಾರು, ಸೈಕ್ಲೋನು, ಚಳಿ ಮೂರೂ ಒಟ್ಟಿಗೆ ಅಂತೆ: ರಾಗಿ ಈಗಲೇ ಕೊಯ್ಯಲಾ, ಕಾಯಲಾ?

ಗುಬ್ಬಿ ಹೊಲ (ಭಾನುವಾರ, ಬೆಳಿಗ್ಗೆ)

ಎಲ್ಲರಿಗೂ ನಮಸ್ಕಾರ. ನಾನು ಗುಬ್ಬಿ ತಾಲ್ಲೂಕಿನವನು. ಮೂರು ಎಕರೆ ರಾಗಿ ಇದೆ, ಜಿಪಿಯು-28 ತಳಿ. ಜುಲೈ ಎರಡನೇ ವಾರ ಬಿತ್ತಿದ್ದು. ಮೇಲಿನ ಎರಡು ಎಕರೆ ತೆನೆ ಬಲಿತು ಕಂದು ತಿರುಗಿದೆ. ಕೆರೆ ಕಡೆಯ ಒಂದು ಎಕರೆ ಇನ್ನೂ ಅರೆ ಹಸಿರು.

ನಿನ್ನೆ ರಾತ್ರಿ ಭಾಮೈದ ಒಂದು ವಿಡಿಯೊ ಕಳಿಸಿದ. ಉತ್ತರದಿಂದ ಶೀತ ಮಾರುತ, ಪೂರ್ವದಿಂದ ಚಂಡಮಾರುತ, ಎರಡೂ ಕರ್ನಾಟಕದ ನೆತ್ತಿಯ ಮೇಲೆ ಡಿಕ್ಕಿ ಹೊಡೆಯುತ್ತವಂತೆ. ಹಿಂದೆ ಡಮರುಗದ ಸದ್ದು ಬೇರೆ. ನೋಡಿ ನಗು ಬಂತು. ಆದರೆ ನಿದ್ದೆ ಬರಲಿಲ್ಲ.

ಯಾಕೆಂದರೆ 2021ರ ನವೆಂಬರ್ ನಾನು ಮರೆತಿಲ್ಲ. ಆವತ್ತು ಕೊಯ್ದು ಅರಿ ಹಾಕಿದ್ದೆವು, ಅಂದರೆ ಹೊಲದಲ್ಲೇ ಒಣಗಲು ಹರಡಿದ್ದೆವು. ಹತ್ತು ದಿನ ಬಿಡದೆ ಹಿಡಿದ ಮಳೆಗೆ ತೆನೆಯಲ್ಲೇ ಮೊಳಕೆ ಬಂತು, ಹುಲ್ಲು ಕಪ್ಪಾಯಿತು. ದನಗಳು ಮೂಸಿ ನೋಡಿ ತಿರುಗಿ ನಿಂತವು. ನಮ್ಮ ಅಮ್ಮ ಈಗ ದಿನಾ ಬೆಳಿಗ್ಗೆ ಆಕಾಶ ನೋಡಿ "ಇವತ್ತು ಬೇಡ" ಅನ್ನುತ್ತಾರೆ. ಹೀಗೇ ಆರು ದಿನ ಆಯಿತು.

ತಿಳಿದವರು ಹೇಳಿ. ಈ ಸಲದ ಹಿಂಗಾರು ಹೇಗಿದೆ? ಆ ಡಿಕ್ಕಿ ಕತೆ ನಿಜವಾ? ಕೊಯ್ಯಲಾ, ಬಿಡಲಾ?

ವೈಟ್‌ಫೀಲ್ಡ್ ವಾಸಿ

ರಾಗಿ ಗೊತ್ತಿಲ್ಲ ಸಾರ್. ಆದರೆ ಇಲ್ಲಿ ಈಗಲೇ ಸ್ವೆಟರ್ ಹಾಕಿಕೊಂಡು ಕೂತಿದ್ದೇನೆ. ಎರಡು ದಿನದಿಂದ ಸೂರ್ಯ ಕಂಡಿಲ್ಲ. ಕೋಲ್ಡ್ ಫ್ರಂಟ್ (ಬಿಸಿ ಗಾಳಿಯನ್ನು ತಳ್ಳಿಕೊಂಡು ಬರುವ ತಣ್ಣನೆ ಗಾಳಿಯ ಅಂಚು) ಬಂದೇ ಬಿಟ್ಟಿದೆ ಅನಿಸುತ್ತದೆ.

ಮೋಡ ನೋಡುವವ

@ವೈಟ್‌ಫೀಲ್ಡ್ ವಾಸಿ, ಬಂದಿಲ್ಲ. ಬರುವುದೂ ಇಲ್ಲ. ರಾತ್ರಿ ಎಷ್ಟು ಡಿಗ್ರಿ ಇತ್ತು ನೋಡಿದಿರಾ? ಮೋಡ ಕವಿದಾಗ ಹಗಲು ಬಿಸಿ ಏರುವುದಿಲ್ಲ, ಅದಕ್ಕೆ ಚಳಿ ಅನಿಸುತ್ತದೆ. ಅದೇ ಮೋಡ ರಾತ್ರಿ ಕಂಬಳಿ ಥರ ನೆಲದ ಬಿಸಿ ಹಿಡಿದಿಡುತ್ತದೆ. ಹಗಲಿಗೂ ರಾತ್ರಿಗೂ ಐದಾರು ಡಿಗ್ರಿ ವ್ಯತ್ಯಾಸ ಇದ್ದರೆ ಅದು ಮೋಡದ ಚಳಿ. ನಿಜವಾದ ಚಳಿಯಲ್ಲಿ ಮಧ್ಯಾಹ್ನ ಬಿಸಿಲು ಚುರುಗುಟ್ಟುತ್ತದೆ, ಬೆಳಗಿನ ಜಾವ ಹಲ್ಲು ಕಟಕಟ ಅನ್ನುತ್ತದೆ.

ಗುಬ್ಬಿಯವರೇ, ನಿಮ್ಮ ಪ್ರಶ್ನೆಗೆ ಬರುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ. ಈಗ ಮಗಳನ್ನು ಟ್ಯೂಷನ್‌ಗೆ ಬಿಟ್ಟು ಬರಬೇಕು.

ಪಂಚಾಂಗ ಪ್ರಿಯ

ಸ್ವಾತಿ ಮಳೆ ಇನ್ನೂ ಮುಗಿದಿಲ್ಲ. ನವೆಂಬರ್ 6ಕ್ಕೆ ವಿಶಾಖ ಹಿಡಿಯುತ್ತದೆ. ಅಲ್ಲಿಯವರೆಗೆ ಕುಡುಗೋಲು ಮುಟ್ಟಬೇಡಿ. ನಮ್ಮ ತಾತ ಇಷ್ಟೇ ಹೇಳುತ್ತಿದ್ದರು, ಯಾವ ಆ್ಯಪೂ ಇರಲಿಲ್ಲ.

ಸುಮ್ನೆ ಓದುವವ

ನಿಮ್ಮ ತಾತನ ಕಾಲದಲ್ಲಿ ರಾಗಿ ಮೊಳಕೆ ಬರುತ್ತಿರಲಿಲ್ವಾ?

ಪಂಚಾಂಗ ಪ್ರಿಯ

ಬರುತ್ತಿತ್ತು. ಆಗ ಅದನ್ನೂ ಹಿಟ್ಟು ಮಾಡಿ ತಿನ್ನುತ್ತಿದ್ದರು. ಈಗಿನವರ ಹಾಗೆ ಚರ್ಚೆ ಮಾಡುತ್ತಾ ಕೂರುತ್ತಿರಲಿಲ್ಲ.

ಡಲ್ಲಾಸ್‌ನಿಂದ ಚನ್ನಪಟ್ಟಣ

ಕೋಲ್ಡ್ ಫ್ರಂಟ್ ಅಂದರೆ ಏನು ಅಂತ ನನ್ನನ್ನು ಕೇಳಿ. ಟೆಕ್ಸಸ್‌ನಲ್ಲಿ ಹನ್ನೊಂದು ವರ್ಷ ಆಯಿತು. ಇಲ್ಲಿ ಅದಕ್ಕೆ "ನಾರ್ದರ್" ಅನ್ನುತ್ತಾರೆ. ಮಧ್ಯಾಹ್ನ ಅರ್ಧ ತೋಳಿನ ಅಂಗಿ ಹಾಕಿಕೊಂಡು ಅಂಗಡಿಗೆ ಹೋಗಿರುತ್ತೀರಿ, ದಕ್ಷಿಣದಿಂದ ಬೆಚ್ಚಗಿನ ಗಾಳಿ. ಉತ್ತರದಲ್ಲಿ ಒಂದು ನೀಲಿ ಕಪ್ಪು ಗೆರೆ ಕಾಣುತ್ತದೆ. ಸಾಮಾನು ತೆಗೆದುಕೊಂಡು ಹೊರಗೆ ಬರುವಷ್ಟರಲ್ಲಿ ಗಾಳಿ ಪೂರ್ತಿ ತಿರುಗಿ, ಗುಡುಗು ಹೊಡೆದು, ಹತ್ತು ಹದಿನೈದು ಡಿಗ್ರಿ ಕುಸಿದಿರುತ್ತದೆ. ಮೊದಲ ವರ್ಷ ಕಾರಿನ ತನಕ ಓಡಿದ್ದೆ.

ಒಕ್ಲಹೋಮಾ ಸಿಟಿಯಲ್ಲಿ 1911ರ ನವೆಂಬರ್ 11ರಂದು ಒಂದೇ ದಿನ 28 ಡಿಗ್ರಿಯೂ ಮುಟ್ಟಿ, ಮಧ್ಯರಾತ್ರಿಯೊಳಗೆ ಸೊನ್ನೆಗಿಂತ 8 ಕೆಳಗೂ ಇಳಿದಿತ್ತು. ಆ ತಾರೀಖಿನ ಅತಿ ಹೆಚ್ಚು, ಅತಿ ಕಡಿಮೆ, ಎರಡೂ ದಾಖಲೆ ಅವತ್ತಿನದೇ. ಚನ್ನಪಟ್ಟಣದಲ್ಲಿ ಇಂಥದ್ದು ನಾನು ನೋಡಿಲ್ಲ, ನಮ್ಮಪ್ಪ ನೋಡಿಲ್ಲ.

ಬೀದರ್ ಚಳಿ

ಚನ್ನಪಟ್ಟಣದಾಗ ಇಲ್ಲರೀ, ಬೀದರಿಗೆ ಬರ್ರಿ. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಐದಕ್ಕೆ ಕೋಟೆ ಕಡೆ ವಾಕಿಂಗ್ ಹೋಗೋಣ. ಆಮೇಲೆ ಕರ್ನಾಟಕಕ್ಕೆ ಶೀತಗಾಳಿ ಬರುವುದಿಲ್ಲ ಅಂತ ಹೇಳಿ ನೋಡೋಣ.

ಮೋಡ ನೋಡುವವ

ವಾಪಸ್ ಬಂದೆ. ಬೀದರ್ ಸಾರ್, ಶೀತಗಾಳಿ ಬರುತ್ತದೆ, ಒಪ್ಪಿದೆ. ಆದರೆ ಅದು ಫ್ರಂಟ್ ಅಲ್ಲ.

ಅಮೆರಿಕದಲ್ಲಿ ಕೆನಡಾದಿಂದ ಟೆಕ್ಸಸ್‌ವರೆಗೆ ಬಯಲು. ಪೂರ್ವ ಪಶ್ಚಿಮವಾಗಿ ಅಡ್ಡ ನಿಲ್ಲುವ ಪರ್ವತ ಇಲ್ಲ. ಧ್ರುವದ ಕಡೆಯ ತಣ್ಣನೆ ಗಾಳಿ ನೇರ ಇಳಿದು ಸಮುದ್ರದ ಬಿಸಿ ಗಾಳಿಗೆ ಗುದ್ದುತ್ತದೆ. ನಮಗೆ ಮೇಲೆ ಹಿಮಾಲಯದ ಗೋಡೆ ಇದೆ. ಮೆಡಿಟರೇನಿಯನ್ ಕಡೆಯಿಂದ ಬರುವ ಪಶ್ಚಿಮದ ಅವಾಂತರ (ಟಿವಿಯವರು ವೆಸ್ಟರ್ನ್ ಡಿಸ್ಟರ್ಬೆನ್ಸ್ ಅನ್ನುತ್ತಾರಲ್ಲ, ಅದೇ) ಕಾಶ್ಮೀರ, ಹಿಮಾಚಲದಲ್ಲಿ ಹಿಮ ಸುರಿಸಿ ಮುಂದೆ ಹೋಗುತ್ತದೆ. ಅದರ ಬೆನ್ನಿಗೆ ವಾಯವ್ಯದಿಂದ ಒಣ ತಣ್ಣನೆ ಗಾಳಿ ರಾಜಸ್ಥಾನ, ಮಧ್ಯಪ್ರದೇಶ ದಾಟಿ ಮಹಾರಾಷ್ಟ್ರ, ತೆಲಂಗಾಣದ ಮೂಲಕ ಬೀದರ್, ಕಲಬುರಗಿ, ವಿಜಯಪುರಕ್ಕೆ ಇಳಿಯುತ್ತದೆ. ಇಳಿಯುವಷ್ಟರಲ್ಲಿ ಅರ್ಧ ಚಳಿ ದಾರಿಯಲ್ಲೇ ಖರ್ಚು. ಗುಡುಗಿಲ್ಲ, ಮಳೆಯಿಲ್ಲ, ಡಿಕ್ಕಿಯಿಲ್ಲ. ಆಕಾಶ ತಿಳಿಯಾಗುತ್ತದೆ, ರಾತ್ರಿ ತಣ್ಣಗಾಗುತ್ತದೆ, ಅಷ್ಟೇ.

ಹವಾಮಾನ ಇಲಾಖೆ ಬಯಲು ಸೀಮೆಗೆ ಶೀತಗಾಳಿ ಎಂದು ಹೇಳಬೇಕಾದರೆ ಕನಿಷ್ಠ ತಾಪಮಾನ 10 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿರಬೇಕು, ವಾಡಿಕೆಗಿಂತ 4.5 ಡಿಗ್ರಿಯಾದರೂ ಕುಸಿದಿರಬೇಕು. ನವೆಂಬರ್ ಮೊದಲ ವಾರ ಗುಬ್ಬಿಯಲ್ಲಿ ಅದು ಸಾಧ್ಯವೇ ಇಲ್ಲ.

ಇನ್ನೊಂದು. ಆ ಒಣ ಗಾಳಿ ಜೋರಾಗಿ ಒಳಗೆ ಬಂದರೆ ಚಂಡಮಾರುತ ಸೊರಗುತ್ತದೆ. ಚಂಡಮಾರುತಕ್ಕೆ ಬೇಕಿರುವುದು ತೇವ ತುಂಬಿದ ಗಾಳಿ, 26–27 ಡಿಗ್ರಿ ಬಿಸಿ ಇರುವ ಸಮುದ್ರ. ಹಾಗಾಗಿ ಎರಡೂ ಸೇರಿ ದೊಡ್ಡದಾಗುವುದಲ್ಲ, ಒಂದು ಇನ್ನೊಂದನ್ನು ಒಣಗಿಸುತ್ತದೆ. ವಿಡಿಯೊ ಮಾಡಿದವರಿಗೆ ಡಮರುಗದ ಸದ್ದು ಸಿಕ್ಕಿದೆ, ಇದು ಸಿಕ್ಕಿಲ್ಲ.

ಗುಬ್ಬಿ ಹೊಲ

ಧನ್ಯವಾದ ಸಾರ್. ಭಾಮೈದನಿಗೆ ಕಳಿಸಿದೆ. "ನೀನು ಯಾವಾಗಲೂ ಹೀಗೇ" ಅಂದ. ಸರಿ, ಡಿಕ್ಕಿ ಇಲ್ಲ. ಮಳೆ?

ಏಳನೇ ಕ್ಲಾಸಿನ ಅಪ್ಪ

ಶಾಲೆಗೆ ರಜೆ ಕೊಡುತ್ತಾರಾ? ಅಷ್ಟು ಹೇಳಿ. ಮನೆಯಲ್ಲಿ ಒಬ್ಬ ಬೆಳಿಗ್ಗೆಯಿಂದ ಜಿಲ್ಲಾಧಿಕಾರಿಗಳ ಪೇಜ್ ರಿಫ್ರೆಶ್ ಮಾಡುತ್ತಿದ್ದಾನೆ.

ಮೋಡ ನೋಡುವವ

ಮಳೆ ವಿಷಯ. ದಕ್ಷಿಣ ಬಂಗಾಳಕೊಲ್ಲಿಯಲ್ಲಿ ಈಗ ಇರುವುದು ಮೇಲ್ಮೈ ಸುಳಿಗಾಳಿ, ಅಂದರೆ ಮೇಲಿನ ಗಾಳಿ ಸುತ್ತು ಹಾಕುತ್ತಿದೆ ಅಷ್ಟೇ. ಸೈಕ್ಲೋನ್ ಅಲ್ಲ. ನಮ್ಮ ಪತ್ರಿಕೆಗಳು ಎಲ್ಲದಕ್ಕೂ "ವಾಯುಭಾರ ಕುಸಿತ" ಎಂದು ಬರೆದು ಗೊಂದಲ ಮಾಡುತ್ತವೆ. ಮೆಟ್ಟಿಲುಗಳಿವೆ: ಮೊದಲು ಸುಳಿಗಾಳಿ, ಆಮೇಲೆ ಕಡಿಮೆ ಒತ್ತಡದ ಪ್ರದೇಶ. ಗಾಳಿ ಗಂಟೆಗೆ 31 ಕಿ.ಮೀ. ದಾಟಿದರೆ ವಾಯುಭಾರ ಕುಸಿತ, 51 ದಾಟಿದರೆ ತೀವ್ರ ವಾಯುಭಾರ ಕುಸಿತ, 63 ದಾಟಿದರೆ ಮಾತ್ರ ಚಂಡಮಾರುತ. ಹೆಸರಿಡುವುದೂ ಆಗಲೇ.

ಆದರೆ ನಿಮ್ಮ ರಾಗಿಗೆ ಹೆಸರು ಮುಖ್ಯ ಅಲ್ಲ, ಅದು ಎಲ್ಲಿ ದಡ ಹತ್ತುತ್ತದೆ ಅನ್ನುವುದು ಮುಖ್ಯ. ಪುದುಚೇರಿ–ಚೆನ್ನೈ ನಡುವೆ ಹತ್ತಿದರೆ ಅದರ ಉಳಿಕೆ ಮೋಡ ಕೋಲಾರ, ಬೆಂಗಳೂರು, ತುಮಕೂರಿನ ಮೇಲೆ ಹಾದು ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. 2024ರ ಫೆಂಗಲ್ ಹಾಗೇ ಮಾಡಿತು. ನವೆಂಬರ್ 30ಕ್ಕೆ ಪುದುಚೇರಿ ಹತ್ತಿರ ದಡಕ್ಕೆ ಬಂದು, ಅಲ್ಲೇ ಕೂತು, ನಿಧಾನಕ್ಕೆ ನಮ್ಮ ಮೇಲೆ ಹರಿದು ಹೋಯಿತು. ಡಿಸೆಂಬರ್ 3ಕ್ಕೆ ಮಂಗಳೂರು, ಉಡುಪಿಯಲ್ಲಿ ಶಾಲೆಗೆ ರಜೆ. ಅದೇ ಚಂಡಮಾರುತ ಉತ್ತರಕ್ಕೆ ತಿರುಗಿ ಆಂಧ್ರ, ಒಡಿಶಾ ಕಡೆ ಹೋದರೆ ನಮಗೆ ಸಿಗುವುದು ಬರೀ ಮೋಡ, ಎರಡು ದಿನದಲ್ಲಿ ಬಿಸಿಲು. 2023ರ ಮಿಚಾಂಗ್ ಚೆನ್ನೈಯನ್ನು ಮುಳುಗಿಸಿ ಬಾಪಟ್ಲ ಹತ್ತಿರ ದಡ ಹತ್ತಿತು. ನನ್ನ ಮಳೆಮಾಪಕದಲ್ಲಿ ಆ ವಾರ ತಳ ಒದ್ದೆಯಾಗಿದ್ದಷ್ಟೇ.

ಈ ಸಲದ್ದು ತಮಿಳುನಾಡು ಕಡೆಗೇ ಬರುವ ಲಕ್ಷಣ. ಗುರುವಾರ ರಾತ್ರಿಯಿಂದ ಶನಿವಾರದವರೆಗೆ ನಿಮ್ಮಲ್ಲಿ ಮಳೆ ಎಂದುಕೊಳ್ಳಿ. ಬುಧವಾರ ಮತ್ತೆ ಬುಲೆಟಿನ್ ನೋಡಿ ಹೇಳುತ್ತೇನೆ. ಐದು ದಿನದ ಆಚೆಗೆ ಯಾರಾದರೂ ಖಚಿತವಾಗಿ ಹೇಳಿದರೆ ನಂಬಬೇಡಿ, ನಾನು ಹೇಳಿದರೂ.

ಸುಮ್ನೆ ಓದುವವ

ಹೆಸರು ಯಾರು ಇಡುತ್ತಾರೆ? ಫೆಂಗಲ್ ಅಂದರೆ ಪೊಂಗಲ್ ತಮ್ಮನ ಥರ ಇದೆ.

ಡಲ್ಲಾಸ್‌ನಿಂದ ಚನ್ನಪಟ್ಟಣ

13 ದೇಶ ಸರದಿ ಪ್ರಕಾರ. ಫೆಂಗಲ್ ಸೌದಿ ಅರೇಬಿಯಾ ಕೊಟ್ಟಿದ್ದು. ನಿವಾರ್ ಇರಾನ್‌ದು. 2021ರಲ್ಲಿ ಬಂದ ತೌಕ್ತೆ ಮ್ಯಾನ್ಮಾರ್‌ದು, ಅಂದರೆ ಹಲ್ಲಿ ಜಾತಿಯ ಒಂದು ಪ್ರಾಣಿ.

ಸುಮ್ನೆ ಓದುವವ

ಹಲ್ಲಿ ಬಿದ್ದರೆ ಶಕುನ ಪಂಚಾಂಗ ಪ್ರಿಯರನ್ನೇ ಕೇಳಬೇಕು.

ಎರೆ ಹೊಲದವ

ನೀವೆಲ್ಲ ಮಳೆ ಬೇಡ ಬೇಡ ಅನ್ನುತ್ತಿದ್ದೀರಿ. ನಮ್ಮ ಕಡೆ ಒಂದು ಮಳೆಗೆ ಬಾಯಿ ಬಿಟ್ಟು ಕೂತಿದ್ದೇವೆ. ನವಲಗುಂದ ಕಡೆಯವನು. ಶೀಗಿ ಹುಣ್ಣಿಮೆ ಆಸುಪಾಸು ಬಿಳಿ ಜೋಳ, ಕಡಲೆ ಬಿತ್ತಿದೆವು. ಎರೆ ಭೂಮಿ ತೇವ ಹಿಡಿದಿಟ್ಟುಕೊಳ್ಳುತ್ತದೆ ನಿಜ. ಆದರೆ ಈಗ ಒಂದು ಹದ ಮಳೆ ಬಿದ್ದರೆ ಸಂಕ್ರಾಂತಿ ತನಕ ಚಿಂತೆ ಇಲ್ಲ. ಆಮೇಲೆ ಇಬ್ಬನಿ ಕುಡಿದೇ ಜೋಳ ಬೆಳೆಯುತ್ತದೆ.

ಹಿಂಗಾರು ಅಂದರೆ ಬೆಂಗಳೂರಿನ ಅಂಡರ್‌ಪಾಸ್ ಅಷ್ಟೇ ಅಲ್ಲ. 2023 ನೆನಪು ಮಾಡಿಕೊಳ್ಳಿ. ಮುಂಗಾರು ಕೈಕೊಟ್ಟಿತು, ಹಿಂಗಾರೂ ಕೈಕೊಟ್ಟಿತು. 236 ತಾಲ್ಲೂಕಿನಲ್ಲಿ 223 ಬರಪೀಡಿತ. ಬಿತ್ತಿದ ಕಡಲೆ ಗೇಣುದ್ದಕ್ಕೇ ನಿಂತಿತ್ತು.

ದ್ರಾಕ್ಷಿ ತೋಟ

ಎರೆ ಹೊಲದ ಅಣ್ಣಾ, ನಿಮ್ಮ ಮಳೆ ನಿಮ್ಮ ಹೊಲದಲ್ಲೇ ನಿಲ್ಲಲಿ. ವಿಜಯಪುರದ ಕಡೆಗೆ ಕಳಿಸಬೇಡಿ. ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವುದು) ಮುಗಿಸಿ ಗೊನೆ ಬರುವ ಹೊತ್ತು ಇದು. ಈಗ ಎರಡು ದಿನ ಜಿಟಿಜಿಟಿ ಹಿಡಿದರೆ ಡೌನಿ ಎಂಬ ಬೂಜು ರೋಗ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಔಷಧಿ ಹೊಡೆಯುತ್ತಾ ಕೂರಬೇಕು. ಮಳೆಯಲ್ಲಿ ಹೊಡೆದದ್ದು ತೊಳೆದು ಹೋಗುತ್ತದೆ, ನಿಂತ ಮೇಲೆ ಟ್ರ್ಯಾಕ್ಟರ್ ಒಳಗೆ ಹೋಗುವುದಿಲ್ಲ.

ಎರೆ ಹೊಲದವ

ಕಳಿಸುವುದು ನನ್ನ ಕೈಯಲ್ಲಿದ್ದರೆ ನಿಮ್ಮನ್ನು ಕೇಳಿಯೇ ಕಳಿಸುತ್ತಿದ್ದೆ, ಬಿಡಿ.

ಕಲಬುರಗಿ ತೊಗರಿ

ನಮಗೆ ಮಳೆಗಿಂತ ಮೋಡದ ಭಯ. ತೊಗರಿ ಹೂವಿನಲ್ಲಿದೆ. ಮೋಡ ಮುಚ್ಚಿಕೊಂಡು ಮೂರು ದಿನ ಕೂತರೆ ಹೂ ಉದುರುತ್ತದೆ, ಕಾಯಿಕೊರಕ ಹುಳು ಏಳುತ್ತದೆ. ಬುಲೆಟಿನ್‌ನಲ್ಲಿ "ಒಣ ಹವೆ" ಎಂದು ಬರೆದಿರುತ್ತಾರೆ. ಮಳೆ ಬರಲಿಲ್ಲವಲ್ಲ, ಅವರ ಲೆಕ್ಕದಲ್ಲಿ ಸರಿಯೇ.

ಮಲ್ಪೆ ಮನೆ

ನೆಲದವರ ಮಾತೇ ಆಯಿತು. ನಮ್ಮ ಅಣ್ಣ ಆಳಸಮುದ್ರದ ಬೋಟಿನಲ್ಲಿ ಹೋಗುತ್ತಾನೆ. ಹೋದರೆ ಹತ್ತು ದಿನ. ನಮಗೆ ಬಂಗಾಳಕೊಲ್ಲಿಯದಕ್ಕಿಂತ ಅದು ಈ ಕಡೆ ದಾಟಿ ಬಂದ ಮೇಲೆ ಏನು ಮಾಡುತ್ತದೆ ಅನ್ನುವುದು ಮುಖ್ಯ. ನೆಲದ ಮೇಲೆ ಸತ್ತಿತು ಅಂದುಕೊಂಡದ್ದು ಅರಬ್ಬಿ ಸಮುದ್ರದ ನೀರು ಕುಡಿದು ಮತ್ತೆ ಏಳುವುದುಂಟು.

2019ರಲ್ಲಿ ಕ್ಯಾರ್ ಬಂತು, ದೀಪಾವಳಿ ಹೊತ್ತಿಗೆ. ಸೂಪರ್ ಸೈಕ್ಲೋನ್. ದಡಕ್ಕೆ ಹೊಡೆಯಲೇ ಇಲ್ಲ, ದೂರದಿಂದಲೇ ಒಮಾನ್ ಕಡೆ ಹೋಯಿತು. ಆದರೂ ಇಲ್ಲಿ ಕಡಲು ಉಕ್ಕಿ, ಬೇರೆ ರಾಜ್ಯದ ಬೋಟುಗಳೆಲ್ಲ ಕಾರವಾರ ಬಂದರಿನೊಳಗೆ ಬಂದು ನಿಂತಿದ್ದವು. ಅವತ್ತು ಅಮ್ಮ ದೀಪ ಹಚ್ಚಿದ್ದು ಹಬ್ಬಕ್ಕೋ, ಹರಕೆಗೋ ಗೊತ್ತಿಲ್ಲ.

ಅದಕ್ಕೂ ಮುಂಚೆ 2017ರ ಓಖಿ. ಕೇರಳ, ಕನ್ಯಾಕುಮಾರಿ ಕಡೆ ಎಷ್ಟೋ ಮೀನುಗಾರರು ವಾಪಸ್ ಬರಲಿಲ್ಲ. ಎಚ್ಚರಿಕೆ ಬರುವ ಹೊತ್ತಿಗೆ ಅವರು ಆಗಲೇ ಕಡಲಿನಲ್ಲಿದ್ದರು. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ರೂಢಿ. ಹೊರಡುವ ಹಿಂದಿನ ರಾತ್ರಿ ನಾನೇ ಮೀನುಗಾರರ ಎಚ್ಚರಿಕೆ ಓದಿ ಹೇಳುತ್ತೇನೆ. ಅಣ್ಣ "ಓದಿದ್ದು ಸಾಕು, ಊಟ ಬಡಿಸು" ಅನ್ನುತ್ತಾನೆ. ಆದರೆ ಪೂರ್ತಿ ಕೇಳಿದ ಮೇಲೇ ಅನ್ನುತ್ತಾನೆ.

ವೈಟ್‌ಫೀಲ್ಡ್ ವಾಸಿ

ಅಕ್ಕ, ಇದನ್ನು ಓದಿ ನನ್ನ ಸ್ವೆಟರ್ ಮಾತು ನಾಚಿಕೆ ತರಿಸಿತು.

ಕಾಫಿ ಕಣ

ಮೂಡಿಗೆರೆ. ಅರೇಬಿಕಾ ಹಣ್ಣಾಗುತ್ತಿದೆ. ಮಳೆ ಬಿದ್ದರೆ ಹಣ್ಣು ಒಡೆದು ಉದುರುತ್ತದೆ, ಕೊಯ್ದದ್ದು ಕಣದಲ್ಲಿ ಒಣಗುವುದಿಲ್ಲ. 2021ರಲ್ಲಿ ಗಿಡದ ಬುಡದಿಂದ ಆರಿಸಿ ತಂದ ಕಾಫಿಯೇ ಜಾಸ್ತಿ. ಅಡಿಕೆಯವರ ಕತೆಯೂ ಅದೇ.

ಅಡಿಕೆ ಅಂಗಳ

ಹೌದು. ನಮ್ಮ ಅಂಗಳದಲ್ಲಿ ಅಡಿಕೆಗಿಂತ ಟಾರ್ಪಾಲು ಜಾಸ್ತಿ ಹೊತ್ತು ಇರುತ್ತದೆ. ಮೋಡ ಬಂತು ಅಂತ ಮುಚ್ಚುವುದು, ಬಿಸಿಲು ಬಂತು ಅಂತ ತೆಗೆಯುವುದು. ದಿನಕ್ಕೆ ನಾಲ್ಕು ಸಲ. ನನ್ನ ಹೆಂಡತಿ ಇದನ್ನು ಜಿಮ್ ಅನ್ನುತ್ತಾಳೆ.

ಅಂಕಿ ಅಂಶ

ಈ ಸಲದ ಒಟ್ಟಾರೆ ಹಿಂಗಾರು ಬಗ್ಗೆ ಒಂದು ಮಾತು. ಲಾ ನಿನಾ (ಪೆಸಿಫಿಕ್ ಸಾಗರ ತಣ್ಣಗಿರುವುದು) ಇದ್ದರೆ ಹಿಂಗಾರು ಕಮ್ಮಿ, ಎಲ್ ನಿನೊ (ಅದೇ ಸಾಗರ ಬಿಸಿಯಾಗಿರುವುದು) ಇದ್ದರೆ ಜಾಸ್ತಿ. ಇದು ಗೊತ್ತಿರುವ ನಿಯಮ. 2015ರಲ್ಲಿ ಎಲ್ ನಿನೊ ಜೋರಾಗಿತ್ತು, ಚೆನ್ನೈ ಮುಳುಗಿತು. ಸುಮ್ನೆ ಗಾಬರಿ ಬೇಡ, ಪೆಸಿಫಿಕ್ ನೋಡಿ ಸಾಕು.

ಮೋಡ ನೋಡುವವ

ಆ ನಿಯಮ ಮುಖ್ಯವಾಗಿ ತಮಿಳುನಾಡಿನದು. ಅಲ್ಲೂ ಮುರಿಯುತ್ತದೆ. 2021 ಯಾವ ವರ್ಷ? ಲಾ ನಿನಾ. ನವೆಂಬರ್‌ನಲ್ಲಿ ಏನಾಯಿತು? ಗುಬ್ಬಿಯವರ ರಾಗಿ ಮೊಳಕೆ ಬಂತು, ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟ್‌ನಲ್ಲಿ ಜನರನ್ನು ದೋಣಿಯಲ್ಲಿ ಹೊರಗೆ ತಂದರು. 2023 ಎಲ್ ನಿನೊ. ನಿಮ್ಮ ನಿಯಮದ ಪ್ರಕಾರ ಹಿಂಗಾರು ತುಂಬಿ ತುಳುಕಬೇಕಿತ್ತು. ಎರೆ ಹೊಲದವರನ್ನು ಕೇಳಿ.

ಅಂಕಿ ಅಂಶ

ಎರಡು ಉದಾಹರಣೆಯಿಂದ ನಿಯಮ ಸುಳ್ಳಾಗುವುದಿಲ್ಲ. ಸರಾಸರಿ ಬೇರೆ, ಒಂದು ವರ್ಷ ಬೇರೆ.

ಮೋಡ ನೋಡುವವ

ಅದನ್ನೇ ಹೇಳುತ್ತಿದ್ದೇನೆ. ರಾಗಿ ಕೊಯ್ಯುವುದು ಒಂದು ವರ್ಷದಲ್ಲಿ, ಸರಾಸರಿಯಲ್ಲಿ ಅಲ್ಲ. ರಾಜ್ಯದ ವರ್ಷದ ಮಳೆಯಲ್ಲಿ ಅಕ್ಟೋಬರ್–ಡಿಸೆಂಬರ್ ಪಾಲು ಸುಮಾರು ಆರನೇ ಒಂದು. ಅದರಲ್ಲಿ ದೊಡ್ಡ ಭಾಗ ನಾಲ್ಕೈದು ಸುತ್ತಿನಲ್ಲಿ ಬಂದು ಮುಗಿಯುತ್ತದೆ. ಒಂದು ಸುತ್ತು ನಿಮ್ಮ ಮೇಲೆ ಬಂತೋ, ಪಕ್ಕದಲ್ಲಿ ಹೋಯಿತೋ, ಅಷ್ಟರಲ್ಲೇ ವರ್ಷದ ಲೆಕ್ಕ ಬದಲಾಗುತ್ತದೆ.

ಪಂಚಾಂಗ ಪ್ರಿಯ

ನಾವು ಅದನ್ನೇ "ಕುರುಡು ಚಿತ್ತೆ" ಅನ್ನುವುದು. ಚಿತ್ತೆ ಮಳೆ ಕುರುಡ ಎರಚಿದ ಹಾಗೆ, ಎಲ್ಲಿ ಬಿತ್ತೋ ಅಲ್ಲಿ. ನಿಮ್ಮ ಉಪಗ್ರಹ ಹೇಳಿದ್ದೂ ಅದೇ ಆಯಿತಲ್ಲ?

ಮೋಡ ನೋಡುವವ

ಇದನ್ನು ಒಪ್ಪುತ್ತೇನೆ, ಬರೆದಿಟ್ಟುಕೊಳ್ಳಿ. ಮಳೆ ನಕ್ಷತ್ರ ಚಂದ್ರನ ಲೆಕ್ಕ ಅಲ್ಲ, ಸೂರ್ಯನ ಲೆಕ್ಕ. ಒಂದೊಂದು ನಕ್ಷತ್ರಕ್ಕೆ 13–14 ದಿನ, ಪ್ರತಿ ವರ್ಷ ಹೆಚ್ಚುಕಡಿಮೆ ಅದೇ ತಾರೀಖು. ಅಂದರೆ ಅದು ನೂರಾರು ವರ್ಷ ಜನ ನೋಡಿ ಬರೆದ ಮಳೆ ಕ್ಯಾಲೆಂಡರ್. ಸಾಮಾನ್ಯವಾಗಿ ಯಾವಾಗ ಏನು ಅಂತ ಚೆನ್ನಾಗಿ ಹೇಳುತ್ತದೆ. ಈ ಗುರುವಾರ ಏನು ಅಂತ ಹೇಳುವುದಿಲ್ಲ.

ಪಂಚಾಂಗ ಪ್ರಿಯ

ಅರ್ಧ ಒಪ್ಪಿದಿರಿ. ಸಂತೋಷ. ಇನ್ನರ್ಧ ಮುಂದಿನ ವರ್ಷ.

ಮುಳುಗಿದ ಬೈಕು

ಬೆಂಗಳೂರಿನಲ್ಲಿ ಅಕ್ಟೋಬರ್ 2005 ಯಾರಿಗೆ ನೆನಪಿದೆ? ಆ ಒಂದೇ ತಿಂಗಳು 605.6 ಮಿ.ಮೀ. ನಾನು ಆಗ ಬೊಮ್ಮನಹಳ್ಳಿಯಲ್ಲಿ ಬಾಡಿಗೆಗಿದ್ದೆ. ಮಾಲೀಕರು "ಇದು ಕೆರೆ ಕೋಡಿ ದಾರಿ ಅಲ್ಲ" ಎಂದು ಆಣೆ ಮಾಡಿ ಮನೆ ಕೊಟ್ಟಿದ್ದರು. ಬೈಕು ಮೂರು ದಿನ ಆದ ಮೇಲೆ ಸಿಕ್ಕಿತು. ಸೀಟಿನ ಮೇಲೆ ಕಪ್ಪೆ ಕೂತಿತ್ತು.

ವೈಟ್‌ಫೀಲ್ಡ್ ವಾಸಿ

ಮಾಲೀಕರು ಮಾತ್ರ ಅದೇ, ವರ್ಷ ಬದಲಾಗಿದೆ ಅಷ್ಟೇ.

ಮಂತ್ರಾಲಯ ರಸ್ತೆ

2009ನ್ನು ಯಾರೂ ಹೇಳಲಿಲ್ಲ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಶುರು. ಬಂಗಾಳಕೊಲ್ಲಿಯ ಒಂದು ಕಡಿಮೆ ಒತ್ತಡದ ಪ್ರದೇಶ. ಚಂಡಮಾರುತ ಕೂಡ ಅಲ್ಲ, ಹೆಸರೂ ಇರಲಿಲ್ಲ. ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳ, ರಾಯಚೂರು. ಇನ್ನೂರಕ್ಕೂ ಹೆಚ್ಚು ಜನ ಹೋದರು. ತುಂಗಭದ್ರೆ ಮಂತ್ರಾಲಯದ ಮಠದೊಳಗೆ ನುಗ್ಗಿತು. ಮಣ್ಣಿನ ಮೇಲ್ಛಾವಣಿಯ ಮನೆಗಳು ಎರಡು ದಿನ ನೀರು ಕುಡಿದು ಮೂರನೇ ದಿನ ಕೂತವು. ನಮ್ಮ ಸೋದರತ್ತೆಯ ಮನೆಯೂ. ಅವರು ಎಮ್ಮೆ ಬಿಚ್ಚಲು ಹೊರಗೆ ಹೋಗಿದ್ದರಿಂದ ಉಳಿದರು.

ಮೇಲೆ ಮೋಡ ನೋಡುವವರು ಹೇಳಿದ "ಹೆಸರು ಮುಖ್ಯ ಅಲ್ಲ" ಅನ್ನುವ ಮಾತಿಗೆ ಇದನ್ನೂ ಸೇರಿಸಿಕೊಳ್ಳಿ.

ಗುಬ್ಬಿ ಹೊಲ

ಇಷ್ಟು ಜನ ಬರೆಯುತ್ತೀರಿ ಅಂತ ಗೊತ್ತಿರಲಿಲ್ಲ. ಇವತ್ತು ಮಂಗಳವಾರ, ಬಿಸಿಲು ಚೆನ್ನಾಗಿದೆ. ಅಮ್ಮ ಇನ್ನೂ "ಇವತ್ತು ಬೇಡ" ಹಂತದಲ್ಲಿದ್ದಾರೆ. ನಮ್ಮ ಜಿಲ್ಲೆಗೆ ಯೆಲ್ಲೋ ಅಲರ್ಟ್ ಕೊಟ್ಟಿದ್ದಾರೆ. ಹಳದಿ ಅಂದರೆ ಎಷ್ಟು ಹೆದರಬೇಕು?

ತಗ್ಗಿನ ರಾಗಿ

ನಾಗಮಂಗಲದಿಂದ. ಅಣ್ಣಾ, ಅಲರ್ಟ್ ಬಿಡಿ, ಅನುಭವ ಹೇಳುತ್ತೇನೆ. ನಿಂತ ರಾಗಿ ಎರಡು ದಿನದ ಮಳೆ ತಡೆಯುತ್ತದೆ. ಗಾಳಿ ಜೊತೆ ಬಂದರೆ ಚಾಪೆ ಹಾಸಿದ ಹಾಗೆ ಮಲಗುತ್ತದೆ. ಮಲಗಿದರೂ ಮೇಲೆತ್ತಿ ಕುಡುಗೋಲಿನಲ್ಲಿ ಕೊಯ್ಯಬಹುದು, ಕೂಲಿ ಜಾಸ್ತಿ ಅಷ್ಟೇ. ಆದರೆ ಕೊಯ್ದು ಅರಿ ಹಾಕಿದ್ದು ನೆಲಕ್ಕೆ ತಾಗಿ ನೆನೆದರೆ ಮುಗಿಯಿತು. ಹಾಗಾಗಿ ಪ್ರಶ್ನೆ ಕೊಯ್ಯಲಾ ಬಿಡಲಾ ಅಲ್ಲ. ಗುರುವಾರದೊಳಗೆ ಕೊಯ್ದು, ಕಂತೆ ಕಟ್ಟಿ, ಎತ್ತರದಲ್ಲಿ ಮೆದೆ (ಬಣವೆ) ಹಾಕಿ ಮುಚ್ಚುವಷ್ಟು ಆಳು, ಟಾರ್ಪಾಲು ನಿಮ್ಮ ಹತ್ತಿರ ಇದೆಯಾ? ಇದ್ದಷ್ಟು ಮಾತ್ರ ಕೊಯ್ಯಿರಿ. ಇಲ್ಲದಿದ್ದರೆ ಮುಟ್ಟಬೇಡಿ.

ಹಸಿ ಹುಲ್ಲಿನ ಮೆದೆ ಬಿಗಿಯಾಗಿ ಹಾಕಬೇಡಿ, ಒಳಗೆ ಬಿಸಿ ಹುಟ್ಟುತ್ತದೆ. ಕೆಳಗೆ ಕಲ್ಲು, ಮೇಲೆ ತೆಂಗಿನ ಗರಿ, ಅದರ ಮೇಲೆ ಕಂತೆ. ಮಳೆ ನಿಂತ ತಕ್ಷಣ ಬಿಚ್ಚಿ ಗಾಳಿ ಆಡಿಸಿ.

ಯಂತ್ರ ಬೇಡ. ಗಂಟೆಗೆ ಮೂರು ಸಾವಿರ ಕೊಟ್ಟರೂ ಹುಲ್ಲು ಹಾಳು.

ಮೋಡ ನೋಡುವವ

ಇದು ನನಗೆ ಹೇಳಲು ಬರುತ್ತಿರಲಿಲ್ಲ. ಅವರು ಹೇಳಿದ್ದನ್ನೇ ಮಾಡಿ.

ಅಲರ್ಟ್ ಬಗ್ಗೆ: 24 ಗಂಟೆಗೆ 64.5ರಿಂದ 115.5 ಮಿ.ಮೀ. ಭಾರೀ ಮಳೆ, ಅದರ ಮೇಲೆ 204.4ರವರೆಗೆ ಅತಿ ಭಾರೀ, ಅದನ್ನೂ ದಾಟಿದರೆ ಅತ್ಯಂತ ಭಾರೀ. ಹಳದಿ, ಕಿತ್ತಳೆ, ಕೆಂಪು ಸಾಮಾನ್ಯವಾಗಿ ಇದನ್ನು ಅನುಸರಿಸುತ್ತವೆ. ಬಣ್ಣಕ್ಕಿಂತ ಪಕ್ಕದ ಪದ ನೋಡಿ. "ಒಂದೆರಡು ಕಡೆ" ಎಂದಿದ್ದರೆ ಕಾಲು ಭಾಗದಷ್ಟು ಮಳೆಮಾಪನ ಕೇಂದ್ರಗಳಲ್ಲಿ ಬಂದರೂ ಮುನ್ಸೂಚನೆ ಸರಿಯೇ. ಪಕ್ಕದ ಹೋಬಳಿಯಲ್ಲಿ ಬಂದು ನಿಮ್ಮಲ್ಲಿ ಬಾರದಿದ್ದರೆ ಇಲಾಖೆ ಸುಳ್ಳು ಹೇಳಿತು ಅಂತ ಅಲ್ಲ.

ಸುಮ್ನೆ ಓದುವವ

ಅಂದರೆ ಯಾವಾಗಲೂ ಸರಿ. ಒಳ್ಳೆಯ ಕೆಲಸ ಅದು.

ಮೋಡ ನೋಡುವವ

ಬಂದು ಮಾಡಿ ನೋಡಿ.

ವಿಮೆ ಅನುಭವಿ

ಮುಖ್ಯವಾದ ಮಾತು ಯಾರೂ ಹೇಳಲಿಲ್ಲ. ಫಸಲ್ ಬಿಮಾ (ಬೆಳೆ ವಿಮೆ) ಕಟ್ಟಿದ್ದೀರಾ? ಕೊಯ್ದು ಹೊಲದಲ್ಲೇ ಒಣಗಲು ಬಿಟ್ಟ ಬೆಳೆ ಚಂಡಮಾರುತದ ಮಳೆಗೆ, ಅಕಾಲಿಕ ಮಳೆಗೆ ಹಾಳಾದರೆ ಕೊಯ್ಲಿನಿಂದ 14 ದಿನದವರೆಗೆ ಪರಿಹಾರಕ್ಕೆ ಅವಕಾಶ ಇದೆ. ಆದರೆ ಹಾನಿ ಆದ 72 ಗಂಟೆಯೊಳಗೆ ತಿಳಿಸಬೇಕು. ನಾನು ಕರೆಂಟು ಇಲ್ಲ, ಫೋನು ಚಾರ್ಜ್ ಇಲ್ಲ ಅಂತ ನಾಲ್ಕನೇ ದಿನ ಹೇಳಿದೆ. "ತಡವಾಯಿತು" ಎಂದರು. ಎರಡು ವರ್ಷ ಅಲೆದೆ. ಮಳೆ ಶುರುವಾಗುವ ಮುಂಚೆ ಫೋನು ಪೂರ್ತಿ ಚಾರ್ಜ್ ಮಾಡಿಡಿ, ಹೊಲದ ಫೋಟೊ ತೆಗೆದಿಡಿ.

ನಿರ್ವಾಹಕ

ವಿಮೆ ಮಾತಿಗೆ ಬೇರೆ ಚರ್ಚೆ ಶುರು ಮಾಡಿ. ಹಲ್ಲಿ ಶಕುನಕ್ಕೂ. ಇಲ್ಲಿ ಮಳೆ, ಚಳಿ ಮಾತ್ರ.

ಅವರೆಕಾಯಿ ಅಜ್ಜಿ

ಚಳಿ ಮಾತು ಎಂದಿರಲ್ಲ, ಹೇಳುತ್ತೇನೆ. ಮೋಡ ಹರಿದು ಇಬ್ಬನಿ ಬೀಳದಿದ್ದರೆ ಅವರೆಗೆ ಸೊಗಡು ಬರುವುದಿಲ್ಲ. ಕಡಲೆಕಾಯಿ ಪರಿಷೆ ಹೊತ್ತಿಗೆ ಬೆಳಿಗ್ಗೆ ಬಾಯಲ್ಲಿ ಹೊಗೆ ಬರಬೇಕು. ಈಗ ಮಕ್ಕಳು ಪರಿಷೆಗೂ ಐಸ್‌ಕ್ರೀಂ ತಿನ್ನುತ್ತಾರೆ.

ವೈಟ್‌ಫೀಲ್ಡ್ ವಾಸಿ

ಅಜ್ಜಿ, ಬೆಂಗಳೂರಿನಲ್ಲಿ ಅಷ್ಟು ಚಳಿ ಇತ್ತಾ ಹಿಂದೆ?

ಅಂಕಿ ಅಂಶ

7.8 ಡಿಗ್ರಿ, 1884ರ ಜನವರಿ 13. ಇವತ್ತಿಗೂ ಮುರಿದಿಲ್ಲ.

ಅವರೆಕಾಯಿ ಅಜ್ಜಿ

ಅಷ್ಟು ವಯಸ್ಸಾಗಿಲ್ಲಪ್ಪ ನನಗೆ.

ಮೋಡ ನೋಡುವವ (ಬುಧವಾರ, ಸಂಜೆ)

ಬುಲೆಟಿನ್ ಬಂತು. ಕಡಿಮೆ ಒತ್ತಡ ಆಗಿದೆ, ವಾಯುಭಾರ ಕುಸಿತದವರೆಗೆ ಹೋಗಬಹುದು, ಚಂಡಮಾರುತ ಆಗುವ ಲಕ್ಷಣ ಇಲ್ಲ. ಉತ್ತರ ತಮಿಳುನಾಡಿನ ದಡ. ಗುಬ್ಬಿಗೆ ನಾಳೆ ರಾತ್ರಿಯಿಂದ. ಗಾಳಿ ಹೆಚ್ಚಿರುವುದಿಲ್ಲ, ಜಡಿ ಮಳೆ. ಭಾನುವಾರ ಬಿಸಿಲು. ಉತ್ತರದವರಿಗೆ ಈ ಸಲ ಮೋಡ ಜಾಸ್ತಿ, ಮಳೆ ಕಡಿಮೆ. ಎರೆ ಹೊಲದವರೇ, ಬೇಜಾರಾಗಬೇಡಿ.

ಎರೆ ಹೊಲದವ

ಆಗಲಿ ಬಿಡಿ. ದ್ರಾಕ್ಷಿಯವರಾದರೂ ಮಲಗಲಿ.

ಮಲ್ಪೆ ಮನೆ

ಅಣ್ಣ ಈ ವಾರ ಹೋಗುತ್ತಿಲ್ಲ. ಬಲೆ ಹೊಲಿಯುತ್ತಾ ಕೂತು ಎಲ್ಲರಿಗೂ ಬೈಯುತ್ತಿದ್ದಾನೆ. ಅದೇ ಒಳ್ಳೆಯದು.

ಗುಬ್ಬಿ ಹೊಲ (ಸೋಮವಾರ)

ಸುದ್ದಿ ಹೇಳಿಬಿಡುತ್ತೇನೆ. ಬುಧವಾರ ಬೆಳಿಗ್ಗೆ ಅಮ್ಮ ಆಕಾಶ ನೋಡುವ ಮೊದಲೇ ಏಳು ಆಳು ಕರೆದುಕೊಂಡು ಹೊಲಕ್ಕೆ ಇಳಿದೆ. ಗುರುವಾರ ಮಧ್ಯಾಹ್ನದೊಳಗೆ ಮೇಲಿನ ಎರಡು ಎಕರೆಯಲ್ಲಿ ಒಂದೂವರೆ ಕೊಯ್ದು ಮೆದೆ ಹಾಕಿದೆವು. ನಾಗಮಂಗಲದ ಅಣ್ಣ ಹೇಳಿದ ಹಾಗೆ ಕಲ್ಲು, ಗರಿ ಎಲ್ಲ. ಟಾರ್ಪಾಲು ಎರಡು ನಮ್ಮದು, ಒಂದು ಪಕ್ಕದ ಮನೆಯ ಮದುವೆ ಶಾಮಿಯಾನದ್ದು. ಮಿಕ್ಕ ಅರ್ಧ ಎಕರೆ, ಕೆರೆ ಕಡೆಯ ಒಂದು ಎಕರೆ ಹಾಗೇ ಬಿಟ್ಟೆ.

ಗುರುವಾರ ರಾತ್ರಿ ಹತ್ತಕ್ಕೆ ಶುರು. ಶನಿವಾರ ಮಧ್ಯಾಹ್ನದವರೆಗೆ ಬಿಟ್ಟು ಬಿಟ್ಟು ಬಂತು. ಬಿಟ್ಟ ಅರ್ಧ ಎಕರೆಯಲ್ಲಿ ಒಂದು ಮೂಲೆ ಮಲಗಿದೆ. ಕೆರೆ ಕಡೆಯದು ನಿಂತಿದೆ, ಹಸಿರಿದ್ದದ್ದೇ ಒಳ್ಳೆಯದಾಯಿತು. ಮೆದೆಯಲ್ಲಿ ಒಂದು ಬದಿ ನೆನೆದಿತ್ತು, ಶಾಮಿಯಾನ ಹಾಕಿದ ಬದಿ. ನಿನ್ನೆ ಬಿಚ್ಚಿ ಹರವಿದೆವು. ಇವತ್ತು ಬೆಳಿಗ್ಗೆ ಇಬ್ಬನಿ ಬಿದ್ದಿತ್ತು, ಅಮ್ಮ ಶಾಲು ಹೊದ್ದುಕೊಂಡು ಬಂದು ತೆನೆ ಉಜ್ಜಿ ನೋಡಿ "ನಾನು ಹೇಳಲಿಲ್ವಾ" ಅಂದರು. ಏನು ಹೇಳಿದ್ದರು ಅಂತ ನಾನು ಕೇಳಲಿಲ್ಲ.

ಬೀದರ್ ಚಳಿ

ಇಲ್ಲಿ ಇವತ್ತು ನಿಜವಾದ ಚಳಿ ಶುರುವಾಯಿತು. ಆಕಾಶ ಗಾಜಿನ ಹಾಗೆ. ಮೋಡ ನೋಡುವವರು ಹೇಳಿದ್ದು ಸರಿ ಅಂತ ಒಪ್ಪಿಕೊಳ್ಳುತ್ತೇನೆ. ಆದರೆ ವಾಕಿಂಗ್ ಸವಾಲು ಹಾಗೇ ಇದೆ.

ಏಳನೇ ಕ್ಲಾಸಿನ ಅಪ್ಪ

ರಜೆ ಕೊಡಲಿಲ್ಲ. ಹುಡುಗ ಹವಾಮಾನ ಇಲಾಖೆ ಮೇಲೆ ಮುನಿಸಿಕೊಂಡಿದ್ದಾನೆ.

ತಗ್ಗಿನ ರಾಗಿ

ಗುಬ್ಬಿ ಅಣ್ಣಾ, ಹುಲ್ಲು ಕಪ್ಪಾಗಿಲ್ಲ ಅಂದರೆ ಮಾರುತ್ತೀರಾ? ನಮ್ಮ ಕಡೆ ಈ ಸಲ ಕಮ್ಮಿ. ಎರಡು ಟ್ರ್ಯಾಕ್ಟರ್ ಬೇಕು.

ಗುಬ್ಬಿ ಹೊಲ

ಒಂದು ಕೊಡಬಹುದು. ಅಮ್ಮನನ್ನು ಕೇಳಿ ಹೇಳುತ್ತೇನೆ.